ಹಲ್ಲು ಹೋಯ್ತು, ಗುಂಡಿ ಉಳೀತು

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಅಂಗಡಿಯೊಂದರಲ್ಲಿ ಕೆಲಸ. ಕೆಳಗಿನ ಬಲಗಡೆ ದವಡೆ ಹಲ್ಲು ಹುಳುಕಾಗಿ ಎರಡು ವರ್ಷದಿಂದ ಕಾಡುತ್ತಿತ್ತು. ಸೋಮವಾರ ಕೀಳಿಸಿದೆ. ಅವತ್ತು, ಮಾರನೇ ದಿನ ಆರಾಮಾಗೇ ಇದ್ದೆ. ಮಂಗಳವಾರ ಕೆಲಸಕ್ಕೂ ಹೋದೆ. ಬುಧವಾರ ರಾತ್ರಿಯಿಂದ ಕಿವಿ, ಕಪಾಳ, ನೆತ್ತಿಯವರೆಗೂ ಸೆಳೆತ. ಮಾತ್ರೆ ನುಂಗಿದರೆ ಒಂದು ಗಂಟೆಯೂ ತಡೆಯುವುದಿಲ್ಲ. ಬಾಯಿ ವಾಸನೆ ಬೇರೆ. ಟಾರ್ಚ್ ಹಾಕಿ ಕನ್ನಡಿಯಲ್ಲಿ ನೋಡಿದರೆ ಗುಂಡಿ ಖಾಲಿ, ಒಳಗೆ ಬೆಳ್ಳಗೆ ಏನೋ ಕಾಣುತ್ತದೆ. ಬೇರು ಒಳಗೇ ಮುರಿದು ಉಳಿದಿದೆ ಅಂತ ಗೆಳೆಯರು ಹೇಳುತ್ತಾರೆ. ಎಲೆಅಡಿಕೆ, ತಂಬಾಕಿನ ಅಭ್ಯಾಸ ಇದೆ. ಆದರೆ ಕಿತ್ತ ಕಡೆ ಹಾಕುತ್ತಿಲ್ಲ, ಎಡಗಡೆ ಮಾತ್ರ. ಇನ್ನೊಂದು ಮಾತು. ನನ್ನ ತಾಯಿಗೆ 68. ಶುಗರ್, ಬಿಪಿ ಇದೆ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೇವೆ. ಮೇಲಿನ ಎರಡು ಹಲ್ಲು ಅಲ್ಲಾಡುತ್ತಿವೆ, ಕೀವು ಬರುತ್ತಿದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಅಂತ ಮೊದಲೇ ಒಪ್ಪುತ್ತಿರಲಿಲ್ಲ. ಈಗ ನನ್ನ ಪಾಡು ನೋಡಿ ಪೂರ್ತಿ ಹೆದರಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಹಲ್ಲು ಕಿತ್ತ ಡಾಕ್ಟರಿಗೆ ಈಗಲೇ ಫೋನ್ ಮಾಡಿ, ಇವತ್ತೇ ಬರುತ್ತೇನೆ ಅನ್ನಿ. ಮಿಕ್ಕಿದ್ದನ್ನು ಅಲ್ಲಿ ಕಾಯುತ್ತಾ ಕೂತಾಗ ಓದಿ.

ನೀವು ಬರೆದ ರೀತಿ ನೋಡಿದರೆ ಇದು ಡ್ರೈ ಸಾಕೆಟ್. ಮೂರನೇ ದಿನ ಶುರುವಾಗುವುದು, ಕಿವಿಗೆ ಎಳೆಯುವುದು, ಮಾತ್ರೆಗೆ ಬಗ್ಗದಿರುವುದು, ವಾಸನೆ, ಖಾಲಿ ಗುಂಡಿ ಎಲ್ಲವೂ ತಾಳೆಯಾಗುತ್ತವೆ. ಬಾಯಿ ನೋಡದೆ ಖಚಿತವಾಗಿ ಹೇಳುವುದು ತಪ್ಪು, ಅದಕ್ಕೇ ಹೋಗಿ ಅಂದಿದ್ದು. ಒಳಗೆ ಕಾಣುವ ಬಿಳಿ ಬಹುಶಃ ಬೇರಲ್ಲ, ನಿಮ್ಮದೇ ದವಡೆ ಮೂಳೆ. ಬೇರಿನ ಚೂರು ಉಳಿದಿದ್ದರೆ ಸಾಮಾನ್ಯವಾಗಿ ಈ ತರಹ ಮೂರನೇ ದಿನ ರಾತ್ರಿ ಎದ್ದು ಕೂರಿಸುವ ನೋವು ಬರುವುದಿಲ್ಲ. ಆದರೂ ಅನುಮಾನ ಯಾಕೆ? ಒಂದು ಸಣ್ಣ ಎಕ್ಸ್‌ರೇ ತೆಗೆದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಗೆಳೆಯರ ಬಾಯಿಗೆ ಬೀಗ ಬೀಳುತ್ತದೆ.

ಇನ್ನು ಏನಾಗಿದೆ ಅಂತ ನೋಡೋಣ.

ನಮ್ಮ ಭಾಷೆಯಲ್ಲಿ ರಕ್ತಕ್ಕೂ ಹಾಲಿಗೂ ಒಂದೇ ಮಾತು ಇದೆ ನೋಡಿ, ಹೆಪ್ಪುಗಟ್ಟುವುದು. ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟ ಮೇಲೆ ಮನೆಯಲ್ಲಿ ಏನು ಹೇಳುತ್ತಾರೆ? ಪಾತ್ರೆ ಅಲ್ಲಾಡಿಸಬೇಡ, ಬೆಳಗಿನ ತನಕ ಮುಟ್ಟಬೇಡ. ಹಲ್ಲು ಕಿತ್ತ ಗುಂಡಿಯದ್ದೂ ಅದೇ ಕತೆ. ಹಲ್ಲು ಬಂದ ತಕ್ಷಣ ಆ ಜಾಗದಲ್ಲಿ ರಕ್ತ ತುಂಬಿಕೊಳ್ಳುತ್ತದೆ. ಹತ್ತಿ ಕಚ್ಚಿ ಕೂತರೆ ಅದು ಹೆಪ್ಪುಗಟ್ಟುತ್ತದೆ. ಕಪ್ಪು ಕೆಂಪು ಬಣ್ಣದ, ಜೆಲ್ಲಿಯಂಥ ಆ ಗಡ್ಡೆಯೇ ಗುಂಡಿಗೆ ಮುಚ್ಚಳ. ಅದರ ಕೆಳಗೆ ಮೂಳೆ, ನರದ ತುದಿಗಳು ಬೆಚ್ಚಗಿರುತ್ತವೆ. ಅದರ ಮೇಲೇ ಹೊಸ ಮಾಂಸ ಹತ್ತಿಕೊಂಡು ಬೆಳೆಯುತ್ತದೆ. ಗಡ್ಡೆ ಕಿತ್ತುಹೋದರೆ ಅಥವಾ ಬೇಗ ಕರಗಿಹೋದರೆ ಮೂಳೆ ಬರಿಮೈಯಲ್ಲಿ ನಿಲ್ಲುತ್ತದೆ. ಗಾಳಿ ತಾಗಿದರೂ ನೋವು, ನೀರು ತಾಗಿದರೂ ನೋವು. 1896ರಲ್ಲಿ ಕ್ರಾಫರ್ಡ್ ಎಂಬ ದಂತವೈದ್ಯರು ಇದಕ್ಕೆ ಡ್ರೈ ಸಾಕೆಟ್ ಅಂತ ಹೆಸರಿಟ್ಟರು. ಒಣ ಗುಂಡಿ. ಹೆಸರಿನಲ್ಲೇ ಎಲ್ಲಾ ಇದೆ.

ಹಲ್ಲು ಕೀಳುವುದು ನಮ್ಮ ಕೈಯಲ್ಲಿ ಹತ್ತು ಇಪ್ಪತ್ತು ನಿಮಿಷದ ಕೆಲಸ. ಗಡ್ಡೆ ಕಾಯುವುದು ಬಾಯಿಯ ಯಜಮಾನರ ಕೆಲಸ, ಮೂರು ನಾಲ್ಕು ದಿನದ್ದು. ನಾನು ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ. ಹತ್ತರಲ್ಲಿ ಇಬ್ಬರಾದರೂ ತಲೆ ಅಲ್ಲಾಡಿಸಿ, ಮೆಟ್ಟಿಲಿಳಿದು, ಮೊದಲು ಮಾಡುವ ಕೆಲಸವೇ ಥೂ ಅಂತ ಉಗುಳುವುದು.

ಒಬ್ಬರನ್ನು ಮರೆಯಲಾರೆ. ಹಲ್ಲು ಕೀಳಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದವರು ಕಿಟಕಿ ಪಕ್ಕದ ಸೀಟು ಹಿಡಿದು, ಜಗಳೂರು ಮುಟ್ಟುವ ತನಕ ಉಗುಳಿದ್ದಾರೆ. ರಾತ್ರಿ ಫೋನ್ ಬಂತು. "ಸಾರ್, ಒಂದು ಲೋಟ ರಕ್ತ ಹೋಗಿದೆ." ಹೋಗಿದ್ದು ಒಂದು ಚಮಚ ರಕ್ತ, ಮಿಕ್ಕಿದ್ದು ಎಂಜಲು. ಒಂದು ಹನಿ ಕುಂಕುಮದ ನೀರು ಇಡೀ ತಟ್ಟೆ ಕೆಂಪು ಮಾಡುವುದಿಲ್ಲವೇ, ಹಾಗೆ. ಬಾಯಿ ಚಪ್ಪರಿಸಿ ಉಗುಳುವಾಗ ಒಳಗೆ ಒಂದು ಎಳೆತ ಹುಟ್ಟುತ್ತದೆ. ಆ ಎಳೆತವೇ ಗಡ್ಡೆಯನ್ನು ಮೇಲೆತ್ತುತ್ತದೆ. ಸ್ಟ್ರಾ ಹಾಕಿ ಎಳನೀರು ಹೀರಿದರೂ ಅದೇ, ಬೀಡಿ ಸಿಗರೇಟು ಎಳೆದರೂ ಅದೇ. ಮೊದಲ ದಿನ ಎಂಜಲನ್ನು ನುಂಗಿಬಿಡಿ ಅನ್ನುತ್ತೇವೆ. ರಕ್ತ ನುಂಗುವುದಾ ಅಂತ ಮುಖ ಕಿವುಚುತ್ತಾರೆ. ನಿಮ್ಮದೇ ರಕ್ತ, ಏನೂ ಆಗುವುದಿಲ್ಲ.

ಈಗ ನಿಮ್ಮ ಎಡಗಡೆ ಎಲೆಅಡಿಕೆಯ ವಿಷಯ. ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಎಷ್ಟೋ ಜನ ಇದನ್ನೇ ಹೇಳುತ್ತಾರೆ. ತಂಬಾಕಿನ ನಿಕೋಟಿನ್ ಎಡ ಬಲ ನೋಡುವುದಿಲ್ಲ. ಕೆನ್ನೆಯಿಂದ ರಕ್ತಕ್ಕೆ ಸೇರಿ ಮೈಯೆಲ್ಲಾ ಓಡಾಡುತ್ತದೆ, ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಗಾಯಕ್ಕೆ ಬರಬೇಕಾದ ರಕ್ತವೇ ಕಡಿಮೆಯಾದರೆ ಗಡ್ಡೆ ನಿಲ್ಲುವುದು ಹೇಗೆ? ಅದರ ಮೇಲೆ ಸುಣ್ಣ, ಮೇಲಿಂದ ಮೇಲೆ ಉಗುಳು. ಜೊತೆಗೆ ಮಂಗಳವಾರ ಯಾರ್ಡಿಗೆ ಹೋದೆ ಅಂದಿದ್ದೀರಿ. ಬಗ್ಗಿ ಚೀಲ ಎತ್ತಿರಬೇಕು, ಅಲ್ವಾ? ಭಾರ ಎತ್ತಿದಾಗ ತಲೆಗೆ ರಕ್ತ ನುಗ್ಗುತ್ತದೆ. ನಿಂತಿದ್ದ ರಕ್ತ ಮತ್ತೆ ಒಸರುತ್ತದೆ. ಯಾವುದು ಎಷ್ಟು ಕಾರಣ ಅಂತ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಏನೂ ತಪ್ಪು ಮಾಡದವರಿಗೂ ಡ್ರೈ ಸಾಕೆಟ್ ಆಗುತ್ತದೆ. ಮಾಮೂಲಿ ಹಲ್ಲು ಕೀಳಿಸಿದ ನೂರರಲ್ಲಿ ಎರಡರಿಂದ ಐದು ಜನರಿಗೆ ಅನ್ನುವುದು ನಮ್ಮ ಪುಸ್ತಕಗಳ ಲೆಕ್ಕ. ಕೆಳಗಿನ ದವಡೆ ಹಲ್ಲಿಗೆ, ಅದರಲ್ಲೂ ಬುದ್ಧಿ ಹಲ್ಲಿಗೆ, ಇನ್ನೂ ಜಾಸ್ತಿ. ಕೆಳಗಿನ ಮೂಳೆ ಗಟ್ಟಿ, ರಕ್ತದ ಓಡಾಟ ಕಡಿಮೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೂ ಸ್ವಲ್ಪ ಜಾಸ್ತಿ.

ನನಗೂ ಆಗಿದೆ, ಮುಚ್ಚಿಡುವುದೇನು? ಓದುತ್ತಿದ್ದ ಕಾಲ. ಬುದ್ಧಿ ಹಲ್ಲು ಕೀಳಿಸಿಕೊಂಡ ಮಾರನೇ ದಿನ ಸಂಜೆ ಗೆಳೆಯರ ಜೊತೆ ಖಾರ ಮಂಡಕ್ಕಿ, ಮಿರ್ಚಿ ತಿಂದೆ. ಇನ್ನೊಬ್ಬರಿಗೆ ಬುದ್ಧಿ ಹೇಳುವುದನ್ನು ಕಲಿಯುತ್ತಿದ್ದ ವಯಸ್ಸು. ಮಂಡಕ್ಕಿಯ ಒಂದು ಚೂರು ಗುಂಡಿಗೆ ಹೊಕ್ಕಿತು. ಜೋರಾಗಿ ಬಾಯಿ ಮುಕ್ಕಳಿಸಿ ಹೊರಗೆ ತೆಗೆದೆ. ಮಂಡಕ್ಕಿಯ ಜೊತೆ ಗಡ್ಡೆಯೂ ಬಂತು. ಎರಡು ರಾತ್ರಿ ಹಾಸ್ಟೆಲ್ ವರಾಂಡದಲ್ಲಿ ಅಡ್ಡಾಡಿದ್ದೇನೆ. ಹಾಗಾಗಿ ನಿಮ್ಮ ಬುಧವಾರದ ರಾತ್ರಿ ಹೇಗಿತ್ತು ಅಂತ ನನಗೆ ಗೊತ್ತು.

ಇದಕ್ಕೆ ಚಿಕಿತ್ಸೆ ಸುಲಭ. ಗುಂಡಿಯನ್ನು ಸಲೈನ್ ನೀರಿನಲ್ಲಿ ಮೆಲ್ಲಗೆ ತೊಳೆದು, ಒಳಗೆ ಔಷಧಿ ಹಚ್ಚಿದ ಸಣ್ಣ ಪಟ್ಟಿ ಇಡುತ್ತಾರೆ. ಅದರಲ್ಲಿ ಇರುವುದು ಹೆಚ್ಚಾಗಿ ಯೂಜಿನಾಲ್, ಲವಂಗದ ಎಣ್ಣೆಯ ಸತ್ವ. ಇಟ್ಟ ಸ್ವಲ್ಪ ಹೊತ್ತಿಗೇ ನೋವು ಇಳಿಯುವುದನ್ನು ನೋಡಬೇಕು. ಕಣ್ಣೀರು ಹಾಕಿಕೊಂಡು ಬಂದವರು ಕುರ್ಚಿಯಿಂದ ಏಳುವ ಮೊದಲೇ ನಿಟ್ಟುಸಿರು ಬಿಡುತ್ತಾರೆ. ಒಂದೆರಡು ದಿನ ಬಿಟ್ಟು ಪಟ್ಟಿ ಬದಲಿಸಬೇಕಾಗಬಹುದು. ಒಂದು ವಾರ ಹತ್ತು ದಿನದಲ್ಲಿ ಮೂಳೆಯ ಮೇಲೆ ಮಾಂಸ ಹರಡಿಕೊಳ್ಳುತ್ತದೆ.

ಹಾಗಾದರೆ ಮನೆಯಲ್ಲೇ ಲವಂಗದ ಎಣ್ಣೆ ಬಿಟ್ಟುಕೊಂಡರೆ ಆಯ್ತಲ್ಲ ಅನ್ನಬೇಡಿ. ಶೀಶೆಯಿಂದ ಹನಿ ಹನಿ ಸುರಿದುಕೊಂಡು ವಸಡು, ನಾಲಿಗೆ ಬೆಂದು ಬಿಳುಚಿಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ. ನೋವಿನ ಮಾತ್ರೆ ಪುಡಿ ಮಾಡಿ ಗುಂಡಿಗೆ ತುಂಬುವವರಿದ್ದಾರೆ. ಇಂಗು, ಅರಿಶಿನ ತುಂಬುವವರೂ ಇದ್ದಾರೆ. ಹಲ್ಲು ಇರುವಾಗ ಹುಳುಕಿಗೆ ತಂಬಾಕು ಒತ್ತಿಕೊಂಡ ಅಭ್ಯಾಸದ ಮೇಲೆ, ಹಲ್ಲು ಹೋದ ಗುಂಡಿಗೂ ಒತ್ತುವವರನ್ನು ಕಂಡಿದ್ದೇನೆ. ಯಾವುದೂ ಬೇಡ. ಕಡ್ಡಿ, ಪಿನ್ನು ಹಾಕಿ ಕೆದಕುವುದು ಬೇಡವೇ ಬೇಡ.

ಮೆಡಿಕಲ್ ಶಾಪಿನಲ್ಲಿ ನಿಂತು "ಹಲ್ಲು ನೋವಿಗೆ ಏನಾದ್ರೂ ಕೊಡಿ" ಅನ್ನಬೇಡಿ. ಮೂರು ಬಣ್ಣದ ಮಾತ್ರೆ ಕಟ್ಟಿ ಕೊಡುತ್ತಾರೆ, ಅದರಲ್ಲಿ ಒಂದು ಆಂಟಿಬಯೋಟಿಕ್ ಇರುತ್ತದೆ. ಡ್ರೈ ಸಾಕೆಟ್ ಅಂದರೆ ಕೀವಲ್ಲ. ಅದಕ್ಕೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಕಾಗುವುದಿಲ್ಲ. ಜ್ವರ, ಊತ, ಕೀವು ಇದ್ದರೆ ಮಾತು ಬೇರೆ, ಅದನ್ನು ನೋಡಿದವರು ಬರೆಯುತ್ತಾರೆ. ನೋವಿಗೆ ಪ್ಯಾರಾಸಿಟಮಾಲ್ 650 ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರದಂತೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಉಬ್ಬಸ ಇಲ್ಲದಿದ್ದರೆ ಊಟದ ಮೇಲೆ ಐಬುಪ್ರೊಫೇನ್ 400 ಸೇರಿಸಬಹುದು. ಎರಡೂ ಸೇರಿದರೆ ಒಂದೊಂದೇ ಕೊಡುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಡಾಕ್ಟರು ಈಗಾಗಲೇ ಬರೆದುಕೊಟ್ಟ ಮಾತ್ರೆಯಲ್ಲಿ ಇವೇ ಇರಬಹುದು. ಸ್ಟ್ರಿಪ್ಪಿನ ಹಿಂದೆ ಓದಿ, ಎರಡೆರಡು ಸಲ ನುಂಗಬೇಡಿ.

ಊಟದ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನಮ್ಮ ಊರಿನ ಊಟವೇ ಹಲ್ಲು ಕಿತ್ತವರಿಗೆ ಪರೀಕ್ಷೆ. ಮಂಡಕ್ಕಿ ಒಂದು ವಾರ ಬಂದ್. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯೂ ಅಷ್ಟೇ. ಪುಡಿ, ಕಾಳು, ಸಿಪ್ಪೆ ಇರುವ ಯಾವುದೂ ಗುಂಡಿಗೆ ಹೋಗಿ ಕೂರುತ್ತದೆ. ಬೆಣ್ಣೆ ದೋಸೆ ಯಾವಾಗ ಅಂತ ಕೇಳದೆ ಹೋದ ರೋಗಿ ನನಗೆ ನೆನಪಿಲ್ಲ. ಎರಡನೇ ದಿನದಿಂದ ಆಗಬಹುದು, ಆದರೆ ಕಾವಲಿಯಿಂದ ಇಳಿದ ಬಿಸಿಯಲ್ಲಲ್ಲ. ಗರಿಗರಿ ಅಂಚು ಬಿಟ್ಟು, ನಡುವಿನ ಮೆತ್ತನೆ ಭಾಗವನ್ನು ಇನ್ನೊಂದು ಕಡೆಯಿಂದ ಅಗಿಯಿರಿ. ಖಾರದ ಚಟ್ನಿ ಬೇಡ, ಆಲೂಗಡ್ಡೆ ಪಲ್ಯ ಸಾಕು. ನಿಜಕ್ಕೂ ಹೇಳಿ ಮಾಡಿಸಿದ ಊಟ ಅಂದರೆ ರಾಗಿ ಮುದ್ದೆ. ಮುದ್ದೆಯನ್ನು ಅಗಿಯುವ ಹಾಗೇ ಇಲ್ಲ, ನುಂಗುವುದೇ! ಉಗುರು ಬೆಚ್ಚಗೆ ಆದ ಮೇಲೆ, ಖಾರ ಕಡಿಮೆ ಇರುವ ಬೇಳೆ ಸಾರಿನ ಜೊತೆ. ಮೊಸರನ್ನ, ಗಂಜಿ, ತಣ್ಣಗಿನ ಅಂಬಲಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಇವೆಲ್ಲಾ ಸರಿ. ಮೊದಲ ದಿನ ಐಸ್‌ಕ್ರೀಮ್ ತಿನ್ನಿ ಅಂತ ಎಲ್ಲರೂ ಹೇಳುತ್ತಾರೆ. ಚಮಚದಲ್ಲಿ ತಿಂದರೆ ಸರಿ, ಕೋನ್ ಕಚ್ಚುವುದು ಬೇಡ.

ಬಿಸಿ ಉಪ್ಪು ನೀರನ್ನು ಕಿತ್ತ ದಿನವೇ ಶುರು ಮಾಡುವವರಿದ್ದಾರೆ. ಬೇಡ. 24 ಗಂಟೆ ಕಳೆಯಲಿ. ಆಮೇಲೆ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಮುಕ್ಕಳಿಸುವುದಲ್ಲ, ಬಾಯಲ್ಲಿಟ್ಟುಕೊಂಡು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಬಾಯಿ ತೆರೆದು ಬಚ್ಚಲಿಗೆ ಸುಮ್ನೆ ಬಿಟ್ಟುಬಿಡಿ. ಊಟ ಆದಾಗಲೆಲ್ಲಾ, ಒಂದು ವಾರ. ಕೆನ್ನೆಗೆ ಮೊದಲ ದಿನ ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ, ಬಿಡಿ, ಮತ್ತೆ ಇಡಿ. ಉಪ್ಪಿನ ಶಾಖ, ಬಿಸಿ ಬಟ್ಟೆ ಕೊಡಬೇಡಿ. ಒಳಗೆ ಕೀವಿದ್ದರೆ ಶಾಖ ಅದನ್ನು ಹೊರಗಿನ ಚರ್ಮದ ಕಡೆ ಎಳೆಯುತ್ತದೆ. ಕೆನ್ನೆ ಒಡೆದು ಕಲೆ ಉಳಿದ ಮುಖಗಳು ಹಳ್ಳಿ ಕಡೆ ಈಗಲೂ ಕಾಣುತ್ತವೆ.

ಊತ ಎರಡು ಮೂರನೇ ದಿನ ಜಾಸ್ತಿಯಾಗಿ ಆಮೇಲೆ ಇಳಿಯಬೇಕು. ಅದು ಲೆಕ್ಕ. ಮೂರು ದಿನ ಆದ ಮೇಲೆ ಏರುತ್ತಿದ್ದರೆ, ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ ಕಾಯಬೇಡಿ. ಎಂಜಲು ನುಂಗುವುದೂ ಕಷ್ಟ, ಗದ್ದದ ಕೆಳಗೆ ಗಟ್ಟಿ ಊತ, ಉಸಿರು ಕಟ್ಟಿದ ಹಾಗೆ ಅನಿಸಿದರೆ ಕ್ಲಿನಿಕ್ ತೆರೆಯುವ ತನಕವೂ ಕಾಯಬಾರದು, ನೇರ ದೊಡ್ಡ ಆಸ್ಪತ್ರೆಗೆ. ರಕ್ತ ನಿಲ್ಲದಿದ್ದರೆ ಹೊಸ ಗಾಜ್ ಬಟ್ಟೆ ಮಡಿಸಿ ಗುಂಡಿಯ ಮೇಲಿಟ್ಟು ಅರ್ಧ ಗಂಟೆ ಬಲವಾಗಿ ಕಚ್ಚಿ. ನಡುನಡುವೆ ತೆಗೆದು ನೋಡಬೇಡಿ. ಎಲ್ಲರೂ ಮಾಡುವ ತಪ್ಪೇ ಅದು, ಐದು ನಿಮಿಷಕ್ಕೊಮ್ಮೆ ಇಣುಕುವುದು. ಗಾಜ್ ಇಲ್ಲದಿದ್ದರೆ ನೀರಲ್ಲಿ ನೆನೆಸಿ ಹಿಂಡಿದ ಟೀ ಬ್ಯಾಗ್ ಕಚ್ಚಿದರೂ ಆಗುತ್ತದೆ, ಟೀ ಒಗರು ರಕ್ತ ನಿಲ್ಲಿಸಲು ಸಹಾಯ ಮಾಡುತ್ತದೆ. ಎರಡು ಸಲ ಹೀಗೆ ಮಾಡಿದರೂ ನಿಲ್ಲದಿದ್ದರೆ ಹೊರಡಿ.

ವಸಡು ಮೂರು ನಾಲ್ಕು ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ಒಳಗೆ ಮೂಳೆ ತುಂಬಲು ಕೆಲವು ತಿಂಗಳೇ ಬೇಕು. ಆ ನಡುವೆ ಅಕ್ಕಿ ಕಾಳಿನಷ್ಟು ಮೂಳೆಯ ಚೂರು ವಸಡಿನಿಂದ ಹೊರಗೆ ಬಂದರೆ ಗಾಬರಿ ಬೇಡ. ಸಡಿಲಾಗಿದ್ದರೆ ತಾನೇ ಬರುತ್ತದೆ, ಚುಚ್ಚುತ್ತಿದ್ದರೆ ಡಾಕ್ಟರು ತೆಗೆಯುತ್ತಾರೆ. ಆಗಲೂ ಗೆಳೆಯರು "ನೋಡು, ಬೇರು ಅಂದಿದ್ವಲ್ಲ" ಅನ್ನುತ್ತಾರೆ.

ಇನ್ನು ನಿಮ್ಮ ತಾಯಿಯವರ ಮಾತು. ನಿಮ್ಮ ಪಾಡು ಅವರಿಗೂ ಬರುತ್ತದೆ ಅನ್ನುವ ಹೆದರಿಕೆಯನ್ನು ಮೊದಲು ತೆಗೆಯಿರಿ. ಮೇಲಿನ ದವಡೆಯ ಮೂಳೆ ಮೆತ್ತಗೆ, ರಕ್ತದ ಓಡಾಟ ಚೆನ್ನಾಗಿದೆ. ಡ್ರೈ ಸಾಕೆಟ್ ಅಲ್ಲಿ ಅಪರೂಪ. ಮರಗಟ್ಟಿಸುವ ಇಂಜೆಕ್ಷನ್ ಕೂಡ ಮೇಲೆ ಬೇಗ ಹಿಡಿಯುತ್ತದೆ. ಅವರ ಹಲ್ಲು ಈಗಾಗಲೇ ಅಲ್ಲಾಡುತ್ತಿದೆ. ಹೊಲದಲ್ಲಿ ಗೂಟ ಕೀಳುವುದನ್ನು ನೋಡಿದ್ದೀರಲ್ಲ? ಯಾರೂ ಸುಮ್ನೆ ಮೇಲಕ್ಕೆ ಎಳೆಯುವುದಿಲ್ಲ. ಆ ಕಡೆ ಈ ಕಡೆ ಆಡಿಸಿ, ಸುತ್ತಲ ಮಣ್ಣು ಸಡಿಲ ಮಾಡಿ, ಆಮೇಲೆ ಎತ್ತುತ್ತಾರೆ. ನಾವು ಮಾಡುವುದೂ ಅದನ್ನೇ. ನಿಮ್ಮ ದವಡೆ ಹಲ್ಲಿಗೆ ಆಡಿಸುವ ಕೆಲಸವೇ ಜಾಸ್ತಿ ಇತ್ತು. ಅಮ್ಮನ ಹಲ್ಲಿಗೆ ಆ ಕೆಲಸವನ್ನು ವಸಡಿನ ರೋಗವೇ ಮಾಡಿ ಮುಗಿಸಿದೆ. ಒತ್ತಿದ ಹಾಗೆ ಅನಿಸುತ್ತದೆ, ಕರಕರ ಸದ್ದು ಕೇಳಬಹುದು, ನೋವಿರುವುದಿಲ್ಲ. ಒಂದು ಎಚ್ಚರಿಕೆ. ಕೀವು, ಊತ ಜೋರಾಗಿದ್ದಾಗ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಕೆಲವೊಮ್ಮೆ ಮಾತ್ರೆ ಕೊಟ್ಟು ನಾಲ್ಕು ದಿನ ಬಿಟ್ಟು ಬನ್ನಿ ಅನ್ನುತ್ತಾರೆ. ಓಡಾಡಿಸುತ್ತಿದ್ದಾರೆ ಅಂತ ಬೇಸರ ಮಾಡಿಕೊಳ್ಳಬೇಡಿ.

ಕಣ್ಣು ಹೋಗುತ್ತದೆ ಅನ್ನುವುದು. ಈ ಮಾತನ್ನು ನನಗೆ ಹೇಳದ ಅಜ್ಜಿ ಇಲ್ಲ ಈ ಸೀಮೆಯಲ್ಲಿ. ಮೇಲಿನ ಹಲ್ಲಿನ ನರ ಬೇರೆ, ಕಣ್ಣಿನ ನೋಟದ ನರ ಬೇರೆ. ಮೊದಲನೆಯದು ಮುಖಕ್ಕೆ ನೋವು, ಸ್ಪರ್ಶ ತಿಳಿಸುವ ನರದ ಕೊಂಬೆ. ಎರಡನೆಯದು ಕಣ್ಣುಗುಡ್ಡೆಯ ಹಿಂದಿನಿಂದ ನೇರ ಮಿದುಳಿಗೆ ಹೋಗುತ್ತದೆ. ಹಲ್ಲು ಕಿತ್ತರೆ ನೋಟಕ್ಕೆ ಏನೂ ಆಗುವುದಿಲ್ಲ. ಆದರೆ ಹಳಬರ ಮಾತನ್ನು ಬರೀ ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರು ಕಂಡಿದ್ದನ್ನೇ ಹೇಳಿದ್ದಾರೆ, ಕಾರಣ ಮಾತ್ರ ತಪ್ಪಿದೆ. ಚಾಳೀಸು ಬರುವ ವಯಸ್ಸೂ ಹಲ್ಲು ಕೆಡುವ ವಯಸ್ಸೂ ಒಂದೇ. ಹಲ್ಲು ಉದುರುವ ವಯಸ್ಸಿಗೇ ಕಣ್ಣಿಗೆ ಪೊರೆ ಬರುತ್ತದೆ. ಜೊತೆಗೆ ಮೇಲಿನ ಕೋರೆ ಹಲ್ಲಿಗೆ ಕೀವಾದರೆ ಊತ ಮೇಲಕ್ಕೇರಿ ಕಣ್ಣೇ ಮುಚ್ಚಿಹೋಗುತ್ತದೆ. ಅಂಥ ಹೊತ್ತಿನಲ್ಲಿ ಹಲ್ಲು ಕೀಳಿಸಿದರೆ ಊರವರಿಗೆ ನೆನಪಿರುವುದು ಹಲ್ಲು ಮತ್ತು ಕಣ್ಣು ಎರಡೇ. ಹಾಗಾಗಿ ಅಮ್ಮನಿಗೆ ಹೀಗೆ ಹೇಳಿ: ಕಿತ್ತರೆ ಕಣ್ಣಿಗೆ ಅಪಾಯ ಇಲ್ಲ, ಕೀವನ್ನು ಹಾಗೇ ಬಿಟ್ಟರೆ ಅದು ಕಣ್ಣಿನ ಕಡೆ ಹರಡುವುದುಂಟು.

ಮೇಲಿನ ಹಿಂದಿನ ಹಲ್ಲುಗಳಿಗೆ ನೆರೆಮನೆ ಕಣ್ಣಲ್ಲ, ಮೂಗಿನ ಪಕ್ಕದ ಗಾಳಿಯ ಗೂಡು, ಸೈನಸ್. ಕೆಲವರಿಗೆ ಬೇರಿಗೂ ಅದಕ್ಕೂ ನಡುವೆ ಕಾಗದದಷ್ಟು ಮೂಳೆ ಇರುತ್ತದೆ. ಕಿತ್ತ ಮೇಲೆ ಕುಡಿದ ನೀರು ಮೂಗಿನಲ್ಲಿ ಬಂದರೆ ಡಾಕ್ಟರಿಗೆ ಹೇಳಬೇಕು. ಕೆಲವು ದಿನ ಮೂಗು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು.

ಸ್ಟೆಂಟ್ ಹಾಕಿದವರು ಅಂದಿರಲ್ಲ, ಇಲ್ಲಿ ನಿಲ್ಲಿ. ಅವರು ಇಕೋಸ್ಪ್ರಿನ್ ತರಹದ, ರಕ್ತ ತೆಳ್ಳಗಾಗುವ ಮಾತ್ರೆ ತೆಗೆದುಕೊಳ್ಳುತ್ತಿರಬೇಕು. ಹಲ್ಲು ಕೀಳಿಸಬೇಕು ಅಂತ ಅದನ್ನು ನೀವಾಗಿ ನಿಲ್ಲಿಸಬೇಡಿ. ಹಳೆಯ ಪದ್ಧತಿಯಲ್ಲಿ ಐದು ದಿನ ನಿಲ್ಲಿಸಿ ಬನ್ನಿ ಅನ್ನುತ್ತಿದ್ದರು. ಈಗ ಹಾಗಿಲ್ಲ. ಹಲ್ಲಿನ ಗುಂಡಿಯ ರಕ್ತವನ್ನು ಒತ್ತಿ, ಒಂದೆರಡು ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟಿನೊಳಗೆ ಕಟ್ಟಿಕೊಂಡ ರಕ್ತವನ್ನು ಹಾಗೆ ಸುಲಭವಾಗಿ ಬಿಡಿಸಲು ಆಗುವುದಿಲ್ಲ. ಎರಡು ತರಹದ ಮಾತ್ರೆ ಇದ್ದರೆ, ಅಥವಾ ವಾರ್ಫರಿನ್ ಜಾತಿಯದ್ದಾಗಿ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸುತ್ತಿದ್ದರೆ, ಹೃದಯದ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು ಬನ್ನಿ. ಹಲ್ಲು ಕಿತ್ತ ಮೇಲೆ ನೋವಿಗೆ ಅವರಿಗೆ ಪ್ಯಾರಾಸಿಟಮಾಲ್ ಸಾಕು. ನಿಮ್ಮ ಐಬುಪ್ರೊಫೇನ್ ಅವರಿಗೆ ಕೊಡಬೇಡಿ.

ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಂಡಿದ್ದಾರಾ ಅಂತಲೂ ಕೇಳಿ. ಅಲೆಂಡ್ರೊನೇಟ್, ಜೋಲೆಡ್ರೊನಿಕ್ ಆಸಿಡ್ ಅಂತ ಇರುತ್ತವೆ. ಅವು ದವಡೆ ಮೂಳೆ ಮಾಯುವುದನ್ನು ತಡೆಯಬಹುದು. ನಾವು ಕೇಳಿದರೂ "ಬರೀ ಕ್ಯಾಲ್ಸಿಯಂ ಮಾತ್ರೆ" ಅಂತ ಹೇಳಿ ಮುಗಿಸುವವರೇ ಜಾಸ್ತಿ.

ಶುಗರ್ ಇರುವವರು ಮಾಡುವ ದೊಡ್ಡ ತಪ್ಪು ಉಪವಾಸ ಬರುವುದು. ಆಪರೇಷನ್ ಅಂದರೆ ಖಾಲಿ ಹೊಟ್ಟೆ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಬೆಳಿಗ್ಗೆ ಶುಗರ್ ಮಾತ್ರೆ ನುಂಗಿ, ಏನೂ ತಿನ್ನದೆ ಬಂದು, ಇಂಜೆಕ್ಷನ್ ಕೊಡುವ ಮೊದಲೇ ಬೆವೆತು ಕುಸಿದ ಅಜ್ಜಂದಿರಿಗೆ ನಾನು ಸಕ್ಕರೆ ನೀರು ಕುಡಿಸಿದ್ದೇನೆ. ಬರೀ ಜಾಗ ಮರಗಟ್ಟಿಸಿ ಕೀಳುವ ಹಲ್ಲಿಗೆ ಉಪವಾಸ ಬೇಕಿಲ್ಲ. ತಿಂಡಿ ತಿಂದು, ಶುಗರ್, ಬಿಪಿ ಮಾತ್ರೆ ಎಂದಿನಂತೆ ತೆಗೆದುಕೊಂಡು ಬರಬೇಕು. ಬಿಪಿ 180/110 ದಾಟಿದ್ದರೆ ಅವತ್ತು ಮುಂದಕ್ಕೆ ಹಾಕುತ್ತೇವೆ. ಶುಗರ್ ತೀರಾ ಏರಿದ್ದರೆ ಇಳಿಸಿಕೊಂಡು ಬನ್ನಿ ಅನ್ನುತ್ತೇವೆ. ಇಲ್ಲೊಂದು ಸಿಕ್ಕು ಇದೆ. ಬಾಯಲ್ಲಿ ಕೀವಿದ್ದರೆ ಶುಗರ್ ಇಳಿಯುವುದೂ ಕಷ್ಟ. ಆದ್ದರಿಂದ ತಿಂಗಳುಗಟ್ಟಲೆ ಮುಂದೂಡುತ್ತಾ ಕೂರುವುದೂ ಸರಿಯಲ್ಲ.

ಹೇಗೂ ಎರಡು ತೆಗೆಯುತ್ತೀರಿ, ಎಲ್ಲಾ ತೆಗೆದು ಸೆಟ್ ಹಾಕಿಬಿಡಿ ಅಂತ ಹಿರಿಯರು ಕೇಳುವುದುಂಟು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರು ಇನ್ನೂ ಜಾಸ್ತಿ ಕೇಳುತ್ತಾರೆ. ಹಲ್ಲೆಲ್ಲಾ ಕಂದು ಬಣ್ಣ, ಕೆಟ್ಟೇ ಹೋಗಿದೆ ಅನ್ನುತ್ತಾರೆ. ಅದು ಹುಳುಕಲ್ಲ, ಚಿಕ್ಕಂದಿನಲ್ಲಿ ಕುಡಿದ ಬೋರ್ ನೀರಿನ ಫ್ಲೋರೈಡ್ ಕಲೆ. ಕಂದಾಗಿದ್ದರೂ ಅಲ್ಲಾಡದ ಹಲ್ಲು ಗಟ್ಟಿ ಹಲ್ಲೇ. ತೆಗೆಸಬೇಡಿ. ನಾಲ್ಕು ಗಟ್ಟಿ ಹಲ್ಲು ಉಳಿದಿದ್ದರೆ ಸೆಟ್ ಕೂಡ ಚೆನ್ನಾಗಿ ನಿಲ್ಲುತ್ತದೆ. ಖರ್ಚಿನ ಚಿಂತೆ ಇದ್ದರೆ ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ಇದೆ. ಹೊರಗಿನ ಕ್ಲಿನಿಕ್‌ಗಿಂತ ಕಡಿಮೆಯಲ್ಲಿ ಆಗುತ್ತದೆ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ದಂತಪಂಕ್ತಿ ಕೊಡಲು ಸರ್ಕಾರ ದಂತ ಭಾಗ್ಯ ಅಂತ ಯೋಜನೆ ತಂದಿತ್ತು. ಅದನ್ನೂ ಅಲ್ಲೇ ವಿಚಾರಿಸಿ.

ಮತ್ತೆ ನಿಮ್ಮ ಕಡೆ ಬರುತ್ತೇನೆ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ, ಉದ್ದಕ್ಕೆ ನಿಲ್ಲಿಸಿ, ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಈ ನೋವು ಕಡಿಮೆಯಾದ ಮೇಲೆ, ಈಗಲ್ಲ. ಮೂರೂ ಹೋಗದಿದ್ದರೆ, ಖಾರ ತಿಂದಾಗ ಬಾಯೆಲ್ಲಾ ಉರಿಯುತ್ತಿದ್ದರೆ, ಕೆನ್ನೆಯ ಒಳಗೆ ಹಗ್ಗ ಬಿಗಿದ ಹಾಗೆ ಗಟ್ಟಿ ಎಳೆ ಕೈಗೆ ಸಿಕ್ಕರೆ ಪ್ರತ್ಯೇಕ ತೋರಿಸಿಕೊಳ್ಳಿ. ಅದು ಅಡಿಕೆಯ ಕೆಲಸ. ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಚನ್ನಗಿರಿ ಕಡೆಯ ನನ್ನ ನೆಂಟರೇ ಅಡಿಕೆ ತೋಟದವರು. ಮದುವೆ ಮನೆಯಲ್ಲಿ ಸಿಕ್ಕಾಗ ಇದೇ ವಿಷಯಕ್ಕೆ ನನ್ನ ಮೇಲೆ ಮುನಿಸು. ನಾನೇನು ಮಾಡಲಿ, ಬಾಯಿ ತೆರೆದು ನೋಡುವುದು ನನ್ನ ಕೆಲಸ. ಸದ್ಯಕ್ಕೆ ಗುಂಡಿ ಮಾಯುವ ತನಕ, ಅಂದರೆ ಹತ್ತು ದಿನವಾದರೂ, ಎಡಗಡೆಯೂ ಬೇಡ.

ಅಲ್ಲಿ ಖಾಲಿಯಾದ ಜಾಗವನ್ನು ಹಾಗೇ ಬಿಡಬೇಡಿ. ಪಕ್ಕದ ಹಲ್ಲು ವಾಲುತ್ತದೆ, ಮೇಲಿನದು ಇಳಿಯುತ್ತದೆ. ಮೂರು ತಿಂಗಳಾದ ಮೇಲೆ ಅಕ್ಕಪಕ್ಕದ ಹಲ್ಲಿನ ಆಸರೆಯ ಬ್ರಿಡ್ಜೋ, ಮೂಳೆಗೆ ಕೂರಿಸುವ ಇಂಪ್ಲಾಂಟೋ ಅಂತ ಮಾತಾಡಬಹುದು, ಅವಸರವೇನಿಲ್ಲ.

ಅಮ್ಮನನ್ನು ಕರೆದುಕೊಂಡು ಹೋಗುವಾಗ ಅವರು ತೆಗೆದುಕೊಳ್ಳುವ ಎಲ್ಲಾ ಮಾತ್ರೆಯ ಸ್ಟ್ರಿಪ್ಪುಗಳನ್ನು ಒಂದು ಕವರಿನಲ್ಲಿ ಹಾಕಿಕೊಳ್ಳಿ, ಅರ್ಧ ಖಾಲಿಯಾದದ್ದನ್ನೂ ಬಿಡಬೇಡಿ. "ಕೆಂಪು ಮಾತ್ರೆ, ಚಿಕ್ಕದು" ಅಂದರೆ ನಮಗೆ ಗೊತ್ತಾಗುವುದಿಲ್ಲ. ಬೆಳಗಿನ ಹೊತ್ತೇ ಟೈಮ್ ಕೇಳಿ, ರಕ್ತ ಒಸರಿದರೂ ಸಂಜೆಯೊಳಗೆ ತೋರಿಸಬಹುದು. ಅಮಾವಾಸ್ಯೆ ಅಂತ ಅವರು ತಗಾದೆ ತೆಗೆದರೆ ವಾದ ಮಾಡಬೇಡಿ, ಮಾರನೇ ದಿನಕ್ಕೆ ಬರೆಸಿ. ಒಂದು ದಿನದಲ್ಲಿ ಏನೂ ಕೆಡುವುದಿಲ್ಲ, ಮನಸ್ಸು ಸಮಾಧಾನ ಇದ್ದರೆ ಬಿಪಿಯೂ ಹತೋಟಿಯಲ್ಲಿ ಇರುತ್ತದೆ. ನೀವು ಮಾತ್ರ ಇವತ್ತೇ ಹೋಗಿ.